ಗುಗ್ಗಳದ ಹೊಗೆ ಮತ್ತು ಅನಾಥ ಗ್ರಾಹಿ

ನವಿಲುತೀರ್ಥದ ಸುತ್ತಲಿನ ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ತಾಲೂಕುಗಳಲ್ಲಿ ಗುಗ್ಗಳ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ವೀರಭದ್ರನ ಒಕ್ಕಲಿನ ಮನೆಯಲ್ಲಿ ಮದುವೆ ನಿಶ್ಚಯವಾದರೆ ಗುಗ್ಗಳ ತೆಗೆಯಬೇಕು. ಮಣ್ಣಿನ ಕೊಡಗಳಲ್ಲಿ ಬೆಂಕಿ ಉರಿಯುತ್ತದೆ, ಸಮಾಳದ ಸದ್ದು ಏಳುತ್ತದೆ, ಪುರವಂತರು ಒಡಪು ಹೇಳುತ್ತಾ ಮುಂದೆ ನಡೆಯುತ್ತಾರೆ. ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರೇಶ್ವರ ಈ ಭಾಗದ ನೂರಾರು ಮನೆತನಗಳ ಮನೆದೇವರು. ಆ ಕೊಡದ ಬೆಂಕಿಗೆ ಬೀಳುವ ಅಂಟೇ ಗುಗ್ಗುಳ, ಆಚರಣೆಗೆ ಹೆಸರು ಬಂದದ್ದೂ ಅದರಿಂದಲೇ.

ಅದೇ ಊರಿನ ಮುಸ್ಲಿಮರ ಮನೆಗಳಲ್ಲಿ ಗುರುವಾರ ಸಂಜೆ ಕೆಂಡದ ಮೇಲೆ ಊದು ಹಾಕುತ್ತಾರೆ. ಅದು ಲೋಬಾನ, ಬೇರೆ ಮರದ ಅಂಟು. ಆದರೆ ಎರಡೂ ಸಿಗುವುದು ಒಂದೇ ಅಂಗಡಿಯಲ್ಲಿ. ಸಂತೆಯಲ್ಲಿ ಅತ್ತಾರರು ಅಕ್ಕಪಕ್ಕದ ಡಬ್ಬಿಗಳಲ್ಲಿ ಇಟ್ಟುಕೊಂಡು ಕೂತಿರುತ್ತಾರೆ. ಕೊಳ್ಳಲು ಬಂದವರ ಮುಖ ನೋಡಿ ಯಾವ ಡಬ್ಬಿಗೆ ಕೈ ಹಾಕಬೇಕೆಂದು ಅವರಿಗೆ ಗೊತ್ತಾಗುತ್ತದೆ. ಒಮ್ಮೊಮ್ಮೆ ಲೆಕ್ಕ ತಪ್ಪುವುದೂ ಉಂಟು. ಸೊಂಟನೋವಿಗೆ, ಮೂಲವ್ಯಾಧಿಗೆ ಮದ್ದು ಕೇಳಿಕೊಂಡು ಬಂದ ಸಾಬರೂ ಗುಗ್ಗುಳವನ್ನೇ ಒಯ್ಯುತ್ತಾರೆ. ಅವರ ಹಕೀಮರ ಚೀಟಿಯಲ್ಲಿ ಅದರ ಹೆಸರು ಮಾತ್ರ ಬೇರೆ: ಮುಖಿಲ್.

ಈ ಅಂಟು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಜಗತ್ತಿನ ದೊಡ್ಡ ಪ್ರಯೋಗಾಲಯಗಳ ಮಾತಿಗೆ ಬಂತು. ನಮ್ಮ ದೇಹದಲ್ಲಿ ಕೊಬ್ಬು, ಸಕ್ಕರೆ, ಪಿತ್ತ ಇವುಗಳ ಲೆಕ್ಕ ಇಡುವ ಒಂದು ವಿಚಿತ್ರ ಪ್ರೋಟೀನಿನ ಜೊತೆ ಅದರ ನಂಟು ಕಂಡುಬಂದದ್ದು ಕಾರಣ. ಆ ಪ್ರೋಟೀನಿನ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ‘ಅನಾಥ’. ಈ ಕಥೆಯನ್ನು ನಮ್ಮ ಕಡೆ ಎರಡು ರೀತಿಯಲ್ಲಿ ಹೇಳುತ್ತಾರೆ. ಪೂರ್ವಜರಿಗೆ ಎಲ್ಲವೂ ಗೊತ್ತಿತ್ತು, ಅಮೆರಿಕದವರು ಈಗ ಒಪ್ಪಿಕೊಂಡರು ಎನ್ನುವುದು ಒಂದು. ಹಳ್ಳಿಮದ್ದೆಲ್ಲ ಮೂಢನಂಬಿಕೆ, ವಿಜ್ಞಾನ ಅದನ್ನು ಸುಳ್ಳೆಂದು ತೋರಿಸಿತು ಎನ್ನುವುದು ಇನ್ನೊಂದು. ನಡೆದದ್ದು ಎರಡೂ ಅಲ್ಲ. ಸ್ವಲ್ಪ ತಾಳ್ಮೆಯಿಂದ ನೋಡಬೇಕು.

ಮೊದಲು ಹೆಸರಿನ ವಿಚಾರ. ಗ್ರೀಕರ ಡಯೋಸ್ಕೊರಿಡಿಸ್ ‘ಬ್ಡೆಲ್ಲಿಯಮ್’ ಎಂದು ಬರೆದ ಅಂಟನ್ನು ಅರಬ್ ವೈದ್ಯರು ‘ಮುಖ್ಲ್’ ಎಂದರು. ಇಬ್ನ್ ಸೀನಾರ ‘ಅಲ್ ಖಾನೂನ್’ ಗ್ರಂಥದ ಎರಡನೆಯ ಭಾಗ ಬಿಡಿಬಿಡಿ ಮದ್ದುಗಳ ಪಟ್ಟಿ, ಅದರಲ್ಲಿ ಮುಖ್ಲ್ ಇದೆ. ಅದು ಫಾರಸಿ, ಉರ್ದು ಹಾದು ಹಕೀಮರ ಬಾಯಲ್ಲಿ ಮುಖಿಲ್ ಆಯಿತು. ‘ಹಬ್ಬೆ ಮುಖಿಲ್’ ಮಾತ್ರೆಯನ್ನು ಇಂದಿಗೂ ಯುನಾನಿ ಅಂಗಡಿಗಳಲ್ಲಿ ಮೂಲವ್ಯಾಧಿಗೆ ಕೊಡುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿಂಧ್ ಪ್ರಾಂತದಲ್ಲಿದ್ದ ಸ್ಟಾಕ್ಸ್ ಎಂಬ ಆಂಗ್ಲ ವೈದ್ಯ ಈ ಗಿಡವನ್ನು ಸಸ್ಯಶಾಸ್ತ್ರಕ್ಕೆ ಪರಿಚಯಿಸುವಾಗ ಜನ ಕರೆಯುತ್ತಿದ್ದ ಹೆಸರನ್ನೇ ಲ್ಯಾಟಿನ್ ವೇಷದಲ್ಲಿ ಇಟ್ಟುಕೊಂಡ. ‘ಕಾಮಿಫೋರಾ ಮುಕುಲ್’ ಎಂಬ ಹೆಸರು ಹಾಗೆ ಬಂದದ್ದು. ಅದು ಸಂಸ್ಕೃತದ ಮೊಗ್ಗಲ್ಲ, ಅರಬ್ಬಿಯ ಮುಖ್ಲ್. ಈಗ ಸಸ್ಯಶಾಸ್ತ್ರಜ್ಞರು ಅದನ್ನು ‘ಕಾಮಿಫೋರಾ ವೈಟಿಯೈ’ ಎನ್ನುತ್ತಾರೆ. ಮದ್ರಾಸ್ ಪ್ರಾಂತದ ಗಿಡಗಳನ್ನು ದಾಖಲಿಸಿದ ರಾಬರ್ಟ್ ವೈಟ್‌ನ ನೆನಪಿಗೆ ಇಟ್ಟ ಹೆಸರದು.

ವೈದ್ಯದಲ್ಲಿ ಇಂಥ ಕೊಡುಕೊಳ್ಳುವಿಕೆ ನಮ್ಮ ಸೀಮೆಗೆ ಹೊಸದಲ್ಲ. ಈ ಭಾಗವೆಲ್ಲ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ಕಾಲಕ್ಕೆ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಮುಹಮ್ಮದ್ ಖಾಸಿಂ ಫಿರಿಶ್ತಾ ಇದ್ದ. ಚರಿತ್ರೆ ಬರೆದವನೆಂದೇ ಅವನನ್ನು ನಾವೆಲ್ಲ ಬಲ್ಲೆವು. ಅವನು ‘ದಸ್ತೂರುಲ್ ಅತಿಬ್ಬಾ’ ಎಂಬ ವೈದ್ಯಗ್ರಂಥವನ್ನೂ ಬರೆದ. ಈ ನೆಲದ ವೈದ್ಯಪದ್ಧತಿಯನ್ನು ಫಾರಸಿ ಬಲ್ಲವರಿಗೆ ತಿಳಿಸಿಕೊಡುವುದು ಅದರ ಉದ್ದೇಶ. ಯಾರ ಮದ್ದು ಯಾರದು ಎಂದು ಜಗಳ ಕಾಯುವವರು ಆ ಪುಸ್ತಕದ ಹೆಸರನ್ನಾದರೂ ಕೇಳಿರಬೇಕಿತ್ತು.

ಇನ್ನು ಇಪ್ಪತ್ತನೆಯ ಶತಮಾನಕ್ಕೆ ಬರೋಣ. 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ.ವಿ. ಸತ್ಯವತಿ ಎಂಬ ಯುವ ವೈದ್ಯೆ ಸಂಶೋಧನೆ ಮಾಡುತ್ತಿದ್ದರು. ಸುಶ್ರುತ ಸಂಹಿತೆಯಲ್ಲಿ ಮೇದೋರೋಗದ, ಅಂದರೆ ಕೊಬ್ಬು ಹೆಚ್ಚಾಗಿ ಬರುವ ಕಾಯಿಲೆಗಳ, ವರ್ಣನೆ ಇದೆ. ಅದಕ್ಕೆ ಹೇಳಿದ ಮದ್ದುಗಳಲ್ಲಿ ಗುಗ್ಗುಳವೂ ಒಂದು. ಆ ವರ್ಣನೆಗೂ ಆಧುನಿಕ ವೈದ್ಯರು ಹೇಳುತ್ತಿದ್ದ ರಕ್ತನಾಳದ ಕೊಬ್ಬಿನ ಕಾಯಿಲೆಗೂ ಹೋಲಿಕೆ ಇದೆಯಲ್ಲ ಎಂದು ಅವರಿಗೆ ಅನಿಸಿತು. ಬೇರೆಯವರಾಗಿದ್ದರೆ ಅಷ್ಟಕ್ಕೇ ಒಂದು ಭಾಷಣ ತಯಾರಾಗುತ್ತಿತ್ತು. ಸತ್ಯವತಿಯವರು ಮೊಲಗಳನ್ನು ತಂದರು. ಕೊಲೆಸ್ಟರಾಲ್ ಏರಿಸಿದ ಮೊಲಗಳಿಗೆ ಗುಗ್ಗುಳ ಕೊಟ್ಟು ರಕ್ತ ತೆಗೆದು ಅಳೆದರು. ಅದು ಇಳಿದಿತ್ತು. 1966ರ ಅವರ ಪ್ರಬಂಧವೂ, ದ್ವಾರಕಾನಾಥ್ ಮತ್ತು ತ್ರಿಪಾಠಿಯವರ ಜೊತೆ 1969ರಲ್ಲಿ ಪ್ರಕಟಿಸಿದ ಲೇಖನವೂ ಮುಂದಿನ ಎಲ್ಲ ಕೆಲಸಕ್ಕೆ ಬುನಾದಿಯಾದವು. ಮುಂದೆ ಅವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದರು, ಆ ಕುರ್ಚಿಯಲ್ಲಿ ಕುಳಿತ ಮೊದಲ ಮಹಿಳೆ ಅವರೇ.

1972ರಲ್ಲಿ ಸುಖದೇವ್ ಮತ್ತು ಅವರ ಸಂಗಡಿಗರು ಗುಗ್ಗುಳದ ಒಳಗಿನ ಸ್ಟಿರಾಯ್ಡ್ ವಸ್ತುಗಳನ್ನು ಬಿಡಿಸಿ ತೋರಿಸಿದರು. ‘ಗುಗ್ಗುಲ್‌ಸ್ಟೆರೋನ್’ ಎಂಬ ಹೆಸರು ರಸಾಯನಶಾಸ್ತ್ರದ ಪುಸ್ತಕ ಸೇರಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅಂಟಿನ ಸಾರ ತೆಗೆದು ‘ಗುಗ್ಗುಲಿಪಿಡ್’ ಎಂಬ ಔಷಧ ಸಿದ್ಧಪಡಿಸಿತು. ಮುಂಬಯಿ, ದಿಲ್ಲಿ, ಜೈಪುರ, ಲಖನೌ, ನಾಗಪುರ, ವಾರಾಣಸಿ ಮತ್ತು ನಮ್ಮ ಬೆಂಗಳೂರಿನಲ್ಲಿ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. 1989ರಲ್ಲಿ ಪ್ರಕಟವಾದ ಅದರ ಫಲಿತಾಂಶ ಎರಡು ಭಾಗದಲ್ಲಿದೆ, ಎರಡನ್ನೂ ಓದಬೇಕು.

ಮೊದಲ ಭಾಗದಲ್ಲಿ 205 ಮಂದಿಗೆ 12 ವಾರ ಮದ್ದು ಕೊಟ್ಟರು. ಏನು ಕೊಡುತ್ತಿದ್ದೇವೆಂದು ವೈದ್ಯರಿಗೂ ಗೊತ್ತು, ಏನು ನುಂಗುತ್ತಿದ್ದೇವೆಂದು ರೋಗಿಗಳಿಗೂ ಗೊತ್ತು. ಅವರಲ್ಲಿ ಶೇ. 70-80 ಮಂದಿಗೆ ಕೊಲೆಸ್ಟರಾಲ್ ಸರಾಸರಿ ಶೇ. 23.6 ಇಳಿಯಿತು. ಎರಡನೆಯ ಭಾಗದಲ್ಲಿ ಯಾರಿಗೂ ತಿಳಿಯದಂತೆ ಒಮ್ಮೆ ಗುಗ್ಗುಲಿಪಿಡ್, ಒಮ್ಮೆ ಕ್ಲೋಫೈಬ್ರೇಟ್ ಎಂಬ ವಿಲಾಯಿತಿ ಮಾತ್ರೆ ಕೊಟ್ಟರು. ಆಗ ಗುಗ್ಗುಲಿಪಿಡ್‌ನಿಂದ ಇಳಿದದ್ದು ಶೇ. 11, ಕ್ಲೋಫೈಬ್ರೇಟ್‌ನಿಂದ ಶೇ. 10. ಕಣ್ಣಿಗೆ ಬಟ್ಟೆ ಕಟ್ಟಿದ ಕೂಡಲೇ ಅಂಕಿ ಅರ್ಧಕ್ಕಿಂತ ಕೆಳಗೆ ಬಂತು. ಯಾರೂ ಮೋಸ ಮಾಡಿರಲಿಲ್ಲ. ಮದ್ದು ಬದಲಾಗಿರಲಿಲ್ಲ, ನೋಡುವ ಬಗೆ ಮಾತ್ರ ಬದಲಾಗಿತ್ತು. ಪತ್ರಿಕೆಗಳಲ್ಲಿ, ಮದ್ದಿನ ಜಾಹೀರಾತುಗಳಲ್ಲಿ ನಾವು ಕಾಣುವುದು ಸಾಮಾನ್ಯವಾಗಿ ಮೊದಲ ಬಗೆಯ ಅಂಕಿಯನ್ನೇ.

ವಿದೇಶಿ ಮಾತ್ರೆಯ ಜೊತೆ ಸಮಸಮ ನಿಂತಿತಲ್ಲ, ಅಷ್ಟು ಸಾಲದೇ ಎಂದು ಕೇಳಬಹುದು. ಆ ವಿದೇಶಿ ಮಾತ್ರೆಯ ಗತಿಯನ್ನೂ ಹೇಳಬೇಕು. ಎಡಿನ್‌ಬರೋ, ಬುಡಾಪೆಸ್ಟ್, ಪ್ರಾಗ್ ನಗರಗಳ 15 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ನಡೆದ ಅಧ್ಯಯನದ ವರದಿ 1978ರಲ್ಲಿ ಬಂತು. ಕ್ಲೋಫೈಬ್ರೇಟ್ ನುಂಗಿದವರಲ್ಲಿ ಕೊಲೆಸ್ಟರಾಲ್ ಇಳಿಯಿತು, ಪ್ರಾಣ ತೆಗೆಯದ ಹೃದಯಾಘಾತಗಳೂ ಕಡಿಮೆಯಾದವು. ಒಟ್ಟು ಸಾವು ಮಾತ್ರ ಹೆಚ್ಚಾಗಿತ್ತು. ರಕ್ತದ ಚೀಟಿಯಲ್ಲಿ ಅಂಕಿ ಇಳಿಯುವುದೂ ಮನುಷ್ಯ ಬದುಕುವುದೂ ಒಂದೇ ಅಲ್ಲ.

ಈ ಎರಡೂ ಮದ್ದುಗಳು ದೇಹದೊಳಗೆ ಯಾವ ಬಾಗಿಲು ತಟ್ಟುತ್ತಿದ್ದವು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಆ ಬಾಗಿಲುಗಳೇ ನಾವು ಮೇಲೆ ಹೇಳಿದ ‘ಅನಾಥ’ರು.

ಹಾರ್ಮೋನು ಎಂದರೆ ದೇಹದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಓಲೆ. ಓಲೆ ಓದಲು ಜೀವಕೋಶದಲ್ಲಿ ಒಬ್ಬರು ಇರಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಕನ್ನಡದಲ್ಲಿ ‘ಗ್ರಾಹಕ’ ಎಂದು ಬರೆದರೆ ಅಂಗಡಿಗೆ ಬಂದ ಗಿರಾಕಿಯ ನೆನಪಾಗುವುದರಿಂದ ನಾವು ‘ಗ್ರಾಹಿ’ ಎನ್ನೋಣ. ಕೆಲವು ಗ್ರಾಹಿಗಳು ಕೋಶದ ಹೊರಗೋಡೆಯ ಮೇಲಿರುತ್ತವೆ. ಇನ್ನು ಕೆಲವು ಕೋಶಕೇಂದ್ರದಲ್ಲಿ ನೇರವಾಗಿ ಜೀನ್‌ಗಳ ಮೇಲೆಯೇ ಕೂತು, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಹೇಳುತ್ತವೆ. ಇವು ಕೋಶಕೇಂದ್ರದ ಗ್ರಾಹಿಗಳು, ಮನುಷ್ಯನಲ್ಲಿ ಒಟ್ಟು 48. 1985-86ರಲ್ಲಿ ಅಮೆರಿಕದ ರೊನಾಲ್ಡ್ ಇವಾನ್ಸ್, ಫ್ರಾನ್ಸಿನ ಪಿಯರ್ ಶಾಂಬೋನ್ ಮೊದಲಾದವರು ಇಂಥ ಕೆಲವು ಗ್ರಾಹಿಗಳ ಜೀನ್‌ಗಳನ್ನು ಹಿಡಿದರು. ಒಂದು ಸಿಕ್ಕಿದ ಮೇಲೆ ಅದರ ಮುಖಚರ್ಯೆಯ ಬೇರೆಯವನ್ನು ಹುಡುಕುವುದು ಸುಲಭವಾಯಿತು. 1988ರಲ್ಲಿ ಇವಾನ್ಸ್ ಬಳಗಕ್ಕೆ ಎರಡು ಹೊಸ ಗ್ರಾಹಿಗಳು ಸಿಕ್ಕವು. ರೂಪ ಮನೆತನದ್ದೇ, ಆದರೆ ಅವು ಓದುವ ಓಲೆ ಯಾವುದೆಂದು ತಿಳಿಯಲಿಲ್ಲ. ಬೀಗ ಸಿಕ್ಕಿತು, ಕೀಲಿಕೈ ಇಲ್ಲ. ಇಂಥವನ್ನು ಅನಾಥ ಗ್ರಾಹಿಗಳೆಂದು ಕರೆದರು. ಅದುವರೆಗೆ ಮೊದಲು ಹಾರ್ಮೋನು ಸಿಗುತ್ತಿತ್ತು, ಆಮೇಲೆ ಗ್ರಾಹಿಯ ಹುಡುಕಾಟ. ಈಗ ಅದು ತಲೆಕೆಳಗಾಯಿತು.

ಉರ್ದುವಿನಲ್ಲಿ ಅನಾಥನಿಗೆ ಯತೀಮ್ ಎನ್ನುತ್ತೇವೆ. ಅದೇ ಭಾಷೆಯಲ್ಲಿ ಜೋಡಿ ಇಲ್ಲದ ಅಪರೂಪದ ಮುತ್ತಿಗೆ ‘ದುರ್ರೆ ಯತೀಮ್’ ಎಂಬ ಮಾತೂ ಇದೆ. ಈ ಗ್ರಾಹಿಗಳಿಗೆ ಎರಡನೆಯ ಅರ್ಥವೇ ಹೆಚ್ಚು ಒಪ್ಪುತ್ತದೆ. ಯಾಕೆಂದರೆ ಒಂದೊಂದಾಗಿ ಅವುಗಳ ಕೀಲಿಕೈ ಸಿಗುತ್ತಾ ಹೋದಾಗ ತಿಳಿದದ್ದೇನು? ಅವು ದೂರದ ಗ್ರಂಥಿಯ ಅಪರೂಪದ ಹಾರ್ಮೋನಿಗಾಗಿ ಕಾಯುತ್ತಿರಲಿಲ್ಲ. ನಾವು ದಿನಾ ಉಣ್ಣುವ ಕೊಬ್ಬು, ಅದರಿಂದಾಗುವ ಕೊಲೆಸ್ಟರಾಲ್, ಪಿತ್ತ ಇವೇ ಅವುಗಳ ಓಲೆಗಳು. ಊಟ ಬಂತೇ, ಉಪವಾಸವೇ, ಕೊಬ್ಬನ್ನು ಕೂಡಿಡಬೇಕೇ, ಸುಡಬೇಕೇ ಎಂದು ತೀರ್ಮಾನಿಸುವವು ಇವೇ.

1990ರಲ್ಲಿ ಇಂಗ್ಲೆಂಡಿನಲ್ಲಿ ಇಸ್ಸೆಮಾನ್ ಮತ್ತು ಗ್ರೀನ್ ಗುರುತಿಸಿದ ಪಿಪಿಎಆರ್ ಎಂಬ ಗ್ರಾಹಿಯೇ ಕ್ಲೋಫೈಬ್ರೇಟ್‌ನ ಬಾಗಿಲು. ಅದರ ‘ಆಲ್ಫಾ’ ರೂಪ ಉಪವಾಸದ ಹೊತ್ತಿನಲ್ಲಿ ಯಕೃತ್ತಿನಲ್ಲಿ ಎಚ್ಚರಗೊಂಡು ಕೊಬ್ಬನ್ನು ಸುಡಿಸುತ್ತದೆ. ರೋಜಾ ಇರಲಿ, ಏಕಾದಶಿ ಇರಲಿ, ಅದಕ್ಕೆ ಭೇದವಿಲ್ಲ. ‘ಗ್ಯಾಮಾ’ ರೂಪ ಕೊಬ್ಬಿನ ಕೋಶಗಳನ್ನು ಬೆಳೆಸುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಟಾಜೋನ್ ಮಾತ್ರೆಗಳು ಅದನ್ನೇ ಹಿಡಿದುಕೊಳ್ಳುತ್ತವೆ ಎಂದು 1995ರಲ್ಲಿ ತಿಳಿಯಿತು. ಅವುಗಳಲ್ಲಿ ಟ್ರೋಗ್ಲಿಟಾಜೋನ್ ಯಕೃತ್ತಿಗೆ ಹಾನಿ ಮಾಡಿ 2000ದಲ್ಲಿ ಅಮೆರಿಕದಲ್ಲಿ ಮರೆಯಾಯಿತು. ರೋಸಿಗ್ಲಿಟಾಜೋನ್ ಹೃದಯದ ಬಗೆಗಿನ ಆತಂಕದಿಂದ 2010ರಲ್ಲಿ ಭಾರತದಲ್ಲಿ ನಿಷೇಧವಾಯಿತು. ಪಯೋಗ್ಲಿಟಾಜೋನನ್ನು 2013ರ ಜೂನ್‌ನಲ್ಲಿ ನಮ್ಮ ಸರ್ಕಾರ ನಿಲ್ಲಿಸಿ, ಮರುತಿಂಗಳೇ ಎಚ್ಚರಿಕೆಯ ಮಾತು ಅಚ್ಚು ಹಾಕಿಸಿ ಬಿಟ್ಟುಕೊಟ್ಟಿತು. ಅದೇ ವರ್ಷ ಆಲ್ಫಾ, ಗ್ಯಾಮಾ ಎರಡನ್ನೂ ಮುಟ್ಟುವ ಸಾರೊಗ್ಲಿಟಜಾರ್ ಎಂಬ ಮದ್ದು ಭಾರತದಲ್ಲೇ ಹುಟ್ಟಿ ಒಪ್ಪಿಗೆ ಪಡೆಯಿತು. ಇನ್ನೊಂದು ಅನಾಥ ಗ್ರಾಹಿ ಎಚ್‌ಎನ್‌ಎಫ್-4 ಆಲ್ಫಾ. ಅದರ ಜೀನ್ ಕೆಟ್ಟರೆ ಎಳೆಯ ವಯಸ್ಸಿಗೇ, ತಲೆಮಾರಿನಿಂದ ತಲೆಮಾರಿಗೆ ಸಕ್ಕರೆ ಕಾಯಿಲೆ ಬರುತ್ತದೆ ಎಂದು 1996ರಲ್ಲಿ ಗೊತ್ತಾಯಿತು.

ನಮ್ಮ ಕಥೆಗೆ ಮುಖ್ಯವಾದದ್ದು ಎಫ್‌ಎಕ್ಸ್‌ಆರ್ ಎಂಬ ಗ್ರಾಹಿ. 1995ರಲ್ಲಿ ಸಿಕ್ಕಾಗ ಅದೂ ಅನಾಥವೇ. 1999ರಲ್ಲಿ ಮೂರು ಬಳಗಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅದರ ಕೀಲಿಕೈ ಹಿಡಿದವು: ಪಿತ್ತದ ಆಮ್ಲಗಳು. ಪಿತ್ತವೆಂದರೆ ಕೊಬ್ಬು ಕರಗಿಸುವ ಒಂದು ಬಗೆಯ ಸಾಬೂನು ಎಂದಷ್ಟೇ ಶಾಲೆಯಲ್ಲಿ ಕಲಿತಿದ್ದೆವು. ಅದು ಸಾಬೂನೂ ಹೌದು, ಓಲೆಯೂ ಹೌದು ಎಂದು ಈಗ ತಿಳಿಯಿತು. ಯುನಾನಿಯಲ್ಲಿ ದೇಹದ ನಾಲ್ಕು ರಸಗಳಲ್ಲಿ ಸಫ್ರಾ, ಅಂದರೆ ಪಿತ್ತ, ಒಂದು. ಆಯುರ್ವೇದದ ತ್ರಿದೋಷಗಳಲ್ಲೂ ಪಿತ್ತ ಇದೆ. ಹಾಗಾದರೆ ಹಕೀಮರಿಗೂ ವೈದ್ಯರಿಗೂ ಇದು ಮೊದಲೇ ಗೊತ್ತಿತ್ತು ಎಂದು ಹೇಳುವ ಆಸೆ ಯಾರಿಗಾದರೂ ಬಂದೀತು. ನಮಗೂ ಬರುತ್ತದೆ. ಆದರೆ ಅವರ ಸಫ್ರಾ, ಪಿತ್ತ ಒಂದು ಇಡೀ ಸ್ವಭಾವದ ಹೆಸರು, ಎಫ್‌ಎಕ್ಸ್‌ಆರ್ ಹಿಡಿಯುವುದು ನಿರ್ದಿಷ್ಟ ಆಮ್ಲಗಳನ್ನು. ಒಂದೇ ಶಬ್ದ ಎಂದ ಮಾತ್ರಕ್ಕೆ ಒಂದೇ ವಸ್ತುವಾಗುವುದಿಲ್ಲ.

ಇದರ ಕೆಲಸ ಅರ್ಥವಾಗಬೇಕಾದರೆ ನವಿಲುತೀರ್ಥಕ್ಕೇ ಹೋಗಬೇಕು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಗುಡ್ಡ ಸೀಳಿಕೊಂಡು ಹೊರಬೀಳುತ್ತದೆ. ಆ ಕಂಡಿಯಲ್ಲೇ ಅಣೆಕಟ್ಟು ಕಟ್ಟಿದ್ದಾರೆ. ಹಿಂದೆ ನಿಂತ ನೀರು ರೇಣುಕಾಸಾಗರ: ಪೂರ್ಣಮಟ್ಟ 2079.50 ಅಡಿ, ಹಿಡಿಯುವ ನೀರು 37.73 ಟಿಎಂಸಿ. ಮಳೆಗಾಲದಲ್ಲಿ ಗೇಟಿನ ಮೇಲಿನವರು ಮಟ್ಟದ ಗುರುತು ನೋಡುತ್ತಲೇ ಇರಬೇಕು. ಹೆಚ್ಚಾದರೆ ಕೆಳಗಿನ ಊರುಗಳಿಗೆ ಕಂಟಕ, ಕಡಿಮೆಯಾದರೆ ಕಾಲುವೆಯ ರೈತರಿಗೆ. ಯಕೃತ್ತು ಕೊಲೆಸ್ಟರಾಲನ್ನು ಪಿತ್ತವಾಗಿ ಮಾರ್ಪಡಿಸಿ ಕರುಳಿಗೆ ಬಿಡುತ್ತದೆ. ಅದರ ಬಹುಪಾಲು, ನೂರಕ್ಕೆ ತೊಂಬತ್ತೈದರಷ್ಟು, ಸಣ್ಣಕರುಳಿನ ಕೊನೆಯಲ್ಲಿ ಹೀರಲ್ಪಟ್ಟು ತಿರುಗಿ ಯಕೃತ್ತಿಗೆ ಬರುತ್ತದೆ. ಪಿತ್ತ ಮಿತಿಮೀರಿದರೆ ಕೋಶಗಳಿಗೆ ಅದೇ ವಿಷ. ಮಟ್ಟ ನೋಡುವವನು ಎಫ್‌ಎಕ್ಸ್‌ಆರ್. ಪಿತ್ತ ಏರಿತೆಂದರೆ ಅವನು ಯಕೃತ್ತಿನಲ್ಲಿ ಎಸ್‌ಎಚ್‌ಪಿ ಎಂಬ ಇನ್ನೊಂದು ಅನಾಥ ಗ್ರಾಹಿಯನ್ನು ಎಬ್ಬಿಸುತ್ತಾನೆ, ಕರುಳಿನಿಂದಲೂ ಒಂದು ಸಂದೇಶ ಕಳಿಸುತ್ತಾನೆ. ಕೊಲೆಸ್ಟರಾಲಿನಿಂದ ಹೊಸ ಪಿತ್ತ ಮಾಡುವ ಕೆಲಸ ನಿಲ್ಲುತ್ತದೆ.

ಈಗ ಗುಗ್ಗುಳ ಎಲ್ಲಿ ಬಂತು? 2002ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಡೇವಿಡ್ ಮೂರ್ ಬಳಗ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿತು. ಗುಗ್ಗುಲ್‌ಸ್ಟೆರೋನ್ ಎಫ್‌ಎಕ್ಸ್‌ಆರ್‌ನ ಕೈ ಕಟ್ಟಿಹಾಕುತ್ತದೆ ಎಂದು ಅದರಲ್ಲಿತ್ತು. ಮಾಮೂಲಿ ಇಲಿಗಳಿಗೆ ಅದನ್ನು ಕೊಟ್ಟರೆ ಯಕೃತ್ತಿನ ಕೊಲೆಸ್ಟರಾಲ್ ಇಳಿಯಿತು, ಎಫ್‌ಎಕ್ಸ್‌ಆರ್ ಇಲ್ಲದಂತೆ ಹುಟ್ಟಿಸಿದ ಇಲಿಗಳಲ್ಲಿ ಇಳಿಯಲಿಲ್ಲ. ತರ್ಕ ನೇರವಾಗಿತ್ತು: ಮಟ್ಟ ನೋಡುವವನನ್ನು ಸುಮ್ಮನಿರಿಸಿದರೆ ಕೊಲೆಸ್ಟರಾಲ್ ಪಿತ್ತವಾಗಿ ಹೊರಹೋಗುತ್ತಲೇ ಇರುತ್ತದೆ. ಬನಾರಸಿನ ಮೊಲಗಳಿಗೂ ಹ್ಯೂಸ್ಟನ್ನಿನ ಇಲಿಗಳಿಗೂ ನಡುವೆ ಮೂವತ್ತೈದು ವರ್ಷಗಳ ಸೇತುವೆ ಕಟ್ಟಿದಂತಾಯಿತು. ಸುದ್ದಿ ಎಲ್ಲ ಕಡೆ ಹರಡಿತು, ಅಮೆರಿಕದ ಅಂಗಡಿಗಳಲ್ಲಿ ಗುಗ್ಗುಳದ ಡಬ್ಬಿಗಳಿಗೆ ಗಿರಾಕಿಗಳಿದ್ದರು.

ಮರುವರ್ಷವೇ ಮನುಷ್ಯರ ಮೇಲಿನ ಪರೀಕ್ಷೆಯ ಫಲಿತಾಂಶ ಬಂತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯರು ಕೊಲೆಸ್ಟರಾಲ್ ಹೆಚ್ಚಿದ್ದ 103 ಮಂದಿಯನ್ನು ಮೂರು ಗುಂಪು ಮಾಡಿ, ಎರಡು ಗುಂಪಿಗೆ ಎರಡು ಪ್ರಮಾಣದ ಗುಗ್ಗುಲಿಪಿಡ್, ಇನ್ನೊಂದಕ್ಕೆ ಬರೀ ಪೊಳ್ಳು ಮಾತ್ರೆ ಕೊಟ್ಟರು. ಎಂಟು ವಾರದ ಮೇಲೆ ಪೊಳ್ಳು ಮಾತ್ರೆಯವರಲ್ಲಿ ಕೆಟ್ಟ ಕೊಲೆಸ್ಟರಾಲ್ ಶೇ. 5 ಇಳಿದಿತ್ತು. ಗುಗ್ಗುಲಿಪಿಡ್ ನುಂಗಿದವರಲ್ಲಿ ಶೇ. 4-5 ಏರಿತ್ತು! ಆರು ಮಂದಿಗೆ ಮೈಮೇಲೆ ದದ್ದು ಎದ್ದಿತ್ತು. 2009ರಲ್ಲಿ ನಾರ್ವೆಯಲ್ಲಿ 43 ಮಂದಿಯ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟರಾಲ್ ತುಸು ಇಳಿದರೂ ಅದರ ಜೊತೆ ಒಳ್ಳೆಯ ಕೊಲೆಸ್ಟರಾಲೂ ಇಳಿಯಿತು, ಕೆಟ್ಟದ್ದು ಇದ್ದಲ್ಲೇ ಇತ್ತು.

ನಮ್ಮವರಿಗೂ ಅವರಿಗೂ ಊಟ ಬೇರೆ, ಮೈಕಟ್ಟು ಬೇರೆ, ಆದ್ದರಿಂದ ಫಲ ಬೇರೆ ಬಂದಿರಬಹುದು ಎಂದು ಕೆಲವರು ವಾದಿಸಿದರು. ಹಳೆಯ ಗ್ರಂಥಗಳು ಗುಗ್ಗುಳವನ್ನು ತ್ರಿಫಲೆಯ ಕಷಾಯದಲ್ಲಿ ಶುದ್ಧಿಮಾಡಿಯೇ ಕೊಡಬೇಕೆನ್ನುತ್ತವೆ, ಬಿಡಿ ಸಾರ ಕೊಟ್ಟು ಸೋಲು ಎಂದರೆ ಹೇಗೆ ಎಂದರು ಇನ್ನು ಕೆಲವರು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವಕ್ಕೆ ಉತ್ತರ ಸಿಗುವುದು ವೇದಿಕೆಯ ಮೇಲಲ್ಲ. ಶುದ್ಧಿಮಾಡಿದ ಗುಗ್ಗುಳವನ್ನು, ನಮ್ಮ ಊಟ ಉಣ್ಣುವ ಸಾವಿರಾರು ಜನರಿಗೆ, ಕಣ್ಣುಕಟ್ಟಿ, ವರ್ಷಗಟ್ಟಲೆ ಕೊಟ್ಟು ನೋಡಬೇಕು. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಇದೆ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ದೊಡ್ಡ ವೈದ್ಯಕೀಯ ಕಾಲೇಜುಗಳಿವೆ, ಆಯುರ್ವೇದ ಕಾಲೇಜುಗಳಿಗಂತೂ ಬರವಿಲ್ಲ. ಪರಂಪರೆಯ ಹೆಸರಿನಲ್ಲಿ ಆಗುವ ಉತ್ಸವಗಳ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಹೋದರೂ ಸಾಕಿತ್ತು ಎಂಬುದು ನಮ್ಮ ಅಭಿಪ್ರಾಯ.

ಗುಗ್ಗುಲ್‌ಸ್ಟೆರೋನ್ ಒಂದೇ ಬಾಗಿಲು ತಟ್ಟುವ ಸಭ್ಯ ಅತಿಥಿಯೂ ಅಲ್ಲ ಎಂದು ಬರಬರುತ್ತಾ ತಿಳಿಯಿತು. ಅದು ಬೇರೆ ಹಲವು ಸ್ಟಿರಾಯ್ಡ್ ಗ್ರಾಹಿಗಳನ್ನೂ ಹಿಡಿಯುತ್ತದೆ. ಅವುಗಳಲ್ಲಿ ಪಿಎಕ್ಸ್‌ಆರ್ ಎಂಬುದನ್ನು ಓದುಗರು ನೆನಪಿಡುವುದು ಒಳ್ಳೆಯದು. 1998ರಲ್ಲಿ ಸಿಕ್ಕ ಈ ಗ್ರಾಹಿ ಊರಬಾಗಿಲ ಕಾವಲುಗಾರನಿದ್ದಂತೆ. ಹೊರಗಿನ ವಸ್ತು ಒಳಬಂತೆಂದರೆ ಅದನ್ನು ಕತ್ತರಿಸಿ ಹೊರಹಾಕುವ ಕಿಣ್ವಗಳನ್ನು ಯಕೃತ್ತಿನಲ್ಲಿ ಹೆಚ್ಚಿಸುತ್ತದೆ. ಕ್ಷಯರೋಗದ ರಿಫಾಂಪಿಸಿನ್ ಅದನ್ನು ಜೋರಾಗಿ ಎಬ್ಬಿಸುವುದರಿಂದಲೇ ಆ ಮಾತ್ರೆ ನುಂಗುವ ಹೆಂಗಸರಲ್ಲಿ ಗರ್ಭನಿರೋಧಕ ಗುಳಿಗೆ ಕೈಕೊಡುವುದು. ಗುಗ್ಗುಲ್‌ಸ್ಟೆರೋನೂ ಪಿಎಕ್ಸ್‌ಆರನ್ನು ಎಬ್ಬಿಸುತ್ತದೆ ಎಂದು 2004ರಲ್ಲಿ ವರದಿಯಾಯಿತು. ಅದಕ್ಕೂ ಹತ್ತು ವರ್ಷ ಮೊದಲು, 1994ರಲ್ಲಿ, ನಮ್ಮ ದೇಶದ ವೈದ್ಯರೇ ಬೇರೊಂದು ಪರೀಕ್ಷೆ ಮಾಡಿದ್ದರು. ಆರೋಗ್ಯವಂತರಿಗೆ ಒಂದೇ ಹೊತ್ತು ಗುಗ್ಗುಳ ಕೊಟ್ಟಾಗ ಡಿಲ್ಟಿಯಾಜೆಮ್, ಪ್ರೊಪ್ರನೊಲಾಲ್ ಎಂಬ ಹೃದಯದ ಮಾತ್ರೆಗಳು ರಕ್ತಕ್ಕೆ ಸೇರುವುದು ಕಡಿಮೆಯಾಗಿತ್ತು.

ಇದನ್ನು ನಾವು ಒತ್ತಿ ಹೇಳಲು ಕಾರಣವಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ, ಅದರ ಹೊಸ್ತಿಲಲ್ಲಿರುವವರು ಇನ್ನೂ 13 ಕೋಟಿಗೂ ಹೆಚ್ಚು. ಮಲಪ್ರಭೆಯ ದಂಡೆ ಅದರಿಂದ ಹೊರತಲ್ಲ. ಕಬ್ಬು ಬಂತು, ಬಸ್ಸು ಬಂತು, ಬೈಕು ಬಂತು. ಜೋಳದ ರೊಟ್ಟಿ ಈಗಲೂ ಇದೆ, ಜೊತೆಗೆ ಬೇಕರಿಯೂ ಇದೆ. ಬಡವರ ಮನೆಯಲ್ಲೂ ‘ಶುಗರ್ ಐತಿ’ ಎನ್ನುವುದು ಮಾಮೂಲಿ ಮಾತಾಗಿದೆ. ಒಂದೇ ಮನೆಯ ಗೂಡಿನಲ್ಲಿ ದವಾಖಾನೆಯ ಬಿ.ಪಿ. ಮಾತ್ರೆಯೂ, ಸಂತೆಯಲ್ಲಿ ಕೊಂಡ ‘ಕೊಬ್ಬು ಕರಗಿಸುವ’ ಗುಗ್ಗುಳದ ಗುಳಿಗೆಯೂ ಅಕ್ಕಪಕ್ಕ ಇರುವುದನ್ನು ನಾವು ಕಂಡಿದ್ದೇವೆ. ಎರಡೂ ನುಂಗುವವರು ಡಾಕ್ಟರ ಮುಂದೆ ಎರಡನೆಯದನ್ನು ಹೇಳುವುದಿಲ್ಲ, ಬೈದಾರೆಂಬ ಹೆದರಿಕೆ. ಗಿಡಮೂಲಿಕೆ ಮಾರುವವನು ಮೊದಲನೆಯದನ್ನು ಕೇಳುವುದಿಲ್ಲ. ಗಿಡದ್ದಾದರೆ ಅಪಾಯವಿಲ್ಲ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಗುಗ್ಗುಳದಲ್ಲಿ ಶಕ್ತಿಯೇ ಇಲ್ಲದಿದ್ದರೆ ಬೇರೆ ಮಾತ್ರೆಯ ಕೆಲಸ ಕೆಡಿಸಲು ಅದಕ್ಕೆ ಸಾಧ್ಯವಾಗುತ್ತಲೇ ಇರಲಿಲ್ಲ.

ಎಫ್‌ಎಕ್ಸ್‌ಆರ್ ಕಥೆ ಗುಗ್ಗುಳಕ್ಕೆ ನಿಲ್ಲಲಿಲ್ಲ. ಕೈ ಕಟ್ಟುವ ಬದಲು ಅದನ್ನು ಹುರಿದುಂಬಿಸಿದರೆ ಪಿತ್ತ ಕಟ್ಟಿಕೊಳ್ಳುವ ಯಕೃತ್ತಿನ ಕಾಯಿಲೆಗೆ ಉಪಯೋಗವಾದೀತೆಂದು ಒಬೆಟಿಕೋಲಿಕ್ ಆಮ್ಲ ಎಂಬ ಔಷಧ ತಯಾರಾಯಿತು, 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಕುಡಿತವಿಲ್ಲದೆ ಬರುವ ಕೊಬ್ಬಿನ ಯಕೃತ್ತಿಗೂ ಅದನ್ನು ಕೊಡಲು 2020ರಲ್ಲಿ, 2023ರಲ್ಲಿ ಎರಡು ಸಲ ಕೇಳಿದರು, ಎರಡೂ ಸಲ ಒಪ್ಪಿಗೆ ಸಿಗಲಿಲ್ಲ. ಯುರೋಪು 2024ರಲ್ಲಿ ಅದರ ಪರವಾನಗಿ ಹಿಂತೆಗೆದುಕೊಂಡಿತು, 2025ರಲ್ಲಿ ಅಮೆರಿಕದ ಮಾರುಕಟ್ಟೆಯಿಂದಲೂ ಕಂಪನಿಯೇ ಅದನ್ನು ವಾಪಸು ಪಡೆಯಿತು. ಕೋಟಿಗಟ್ಟಲೆ ಡಾಲರ್ ಸುರಿದ ಮದ್ದಿಗೂ ಗುಗ್ಗುಳಕ್ಕಾದದ್ದೇ ಆಯಿತು: ಬಾಗಿಲು ಗೊತ್ತಾದ ಮಾತ್ರಕ್ಕೆ ರೋಗಿ ಗುಣವಾಗುವುದಿಲ್ಲ. ಗಂಥವಾಗಲಿ ಗ್ರಾಹಿಯಾಗಲಿ ಸಾಕ್ಷಿಯಷ್ಟೇ, ತೀರ್ಪು ಮನುಷ್ಯರ ಮೇಲಿನ ಪರೀಕ್ಷೆಯದ್ದು. ಸತ್ಯವತಿಯವರ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಹಳೆಯ ಗ್ರಂಥವನ್ನು ಪೂಜೆಗೆ ಇಡದೆ ಅದಕ್ಕೆ ಪ್ರಶ್ನೆ ಕೇಳಿದರು, ಆ ಪ್ರಶ್ನೆ ಎಫ್‌ಎಕ್ಸ್‌ಆರ್‌ವರೆಗೆ ಹೋಗಿ ಮುಟ್ಟಿತು.

ಗಿಡದ ಗತಿ ಮಾತ್ರ ಬೇರೆಯಾಯಿತು. ಗುಗ್ಗುಳ ಮುಳ್ಳಿನ ಕುರುಚಲು ಗಿಡ. ಕಛ್, ರಾಜಸ್ಥಾನ, ಸಿಂಧ್‌ಗಳ ಒಣನೆಲ ಅದರ ತವರು, ಬಳ್ಳಾರಿ ಕಡೆಯ ಬರಡು ನೆಲದಲ್ಲೂ ಇದೆ ಎಂದು ಸಸ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಬಹಳ ನಿಧಾನ ಬೆಳೆಯುತ್ತದೆ. ತೊಗಟೆಗೆ ಗಾಯ ಮಾಡಿದರೆ ಅಂಟು ಒಸರುತ್ತದೆ. ಹದವರಿತು ಮಾಡಿದರೆ ಗಿಡ ಉಳಿಯುತ್ತದೆ, ಒಂದೇ ಸಲಕ್ಕೆ ಹೆಚ್ಚು ಅಂಟು ಬೇಕೆಂದು ಆಳವಾಗಿ ಕೊಯ್ದು ರಾಸಾಯನಿಕ ಹಚ್ಚಿದರೆ ಸಾಯುತ್ತದೆ. ಔಷಧ ಕಂಪನಿಗಳ ಬೇಡಿಕೆ ಏರಿದಂತೆ ಎರಡನೆಯದೇ ಹೆಚ್ಚಾಯಿತು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈಗ ಅದು ಅಳಿವಿನ ಅಂಚಿನ ಕಟ್ಟಕಡೆಯ ಮೆಟ್ಟಿಲಲ್ಲಿದೆ. ಗುಜರಾತ, ರಾಜಸ್ಥಾನಗಳಲ್ಲಿ ಕಡ್ಡಿ ನೆಟ್ಟು ತೋಟ ಮಾಡುವ ಪ್ರಯತ್ನ ನಡೆದಿದೆ, ಗಾಯ ಮಾಡುವಷ್ಟು ಗಿಡ ಬಲಿಯಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಸಂತೆಗೆ ಬರುವ ಮಾಲಿನಲ್ಲಿ ಬೇರೆ ಮರಗಳ ಅಂಟು ಬೆರೆಯುತ್ತಲೇ ಇರುತ್ತದೆ. ಹಬ್ಬೆ ಮುಖಿಲ್ ಕಟ್ಟುವ ಹಕೀಮರೂ, ಗುಗ್ಗಳದ ಕೊಡ ಹೊರುವವರೂ ಅದನ್ನೇ ಕೊಳ್ಳುತ್ತಿದ್ದಾರೆ.